ದಾಸೋಹದ ಪೂರ್ಣತೆ

ಆಪತ್ತು ಬಂದೆರಗಿದ ದಿನ ಕೈನೀಡುವವರು ಬಹುಮಂದಿ. ಅದರ ಸುದ್ದಿ ಹಳತಾದ ಮೇಲೂ ನೊಂದವರ ಬಾಗಿಲಲ್ಲಿ ನಿಲ್ಲುವವರು ವಿರಳ. ದಾಸೋಹಭಾವದ ಪರೀಕ್ಷೆ ನಡೆಯುವುದು ಈ ಎರಡನೆಯ ಘಟ್ಟದಲ್ಲಿಯೇ.

ಇಟಲಿ ದೇಶದ ಸಿಸಿಲಿ ದ್ವೀಪದಲ್ಲಿ ಮೆಸ್ಸೀನಾ ಎಂಬ ಕಡಲತಡಿಯ ಪಟ್ಟಣವಿದೆ. ೧೯೦೮ನೆಯ ಡಿಸೆಂಬರ್ ೨೮ರ ಬೆಳಗಿನ ಜಾವ ಅಲ್ಲಿ ಭೂಮಿಯು ಅರ್ಧ ನಿಮಿಷಕ್ಕೂ ತುಸು ಹೆಚ್ಚು ಕಾಲ ನಡುಗಿತು; ಬೆನ್ನಿಗೇ ಸಮುದ್ರವು ಉಕ್ಕಿ ದಡವನ್ನು ನುಂಗಿತು. ಪಟ್ಟಣದ ಬಹುಪಾಲು ನೆಲಸಮವಾಯಿತು. ಜಲಸಂಧಿಯ ಎರಡೂ ದಡಗಳಲ್ಲಿ ಮಡಿದವರು ಸುಮಾರು ೮೦,೦೦೦ ಎಂಬುದು ಸಾಮಾನ್ಯವಾದ ಅಂದಾಜು. ರಷ್ಯಾದ ನಾವಿಕರು ಅವಶೇಷಗಳನ್ನು ತೋಡಿ ಜೀವಗಳನ್ನುಳಿಸಿದರು. ಅಮೆರಿಕದ ನೆರವೂ ಒದಗಿ, ನಿರಾಶ್ರಿತರಿಗೆ ಹಲಗೆಯ ಮನೆಗಳೆದ್ದವು. ಲೋಕದ ಕರುಣೆಗೆ ಅಂದು ಕೊರತೆಯಿರಲಿಲ್ಲ.

ಆ ಮನೆಗಳು ಕೆಲವು ಕಾಲಕ್ಕೆಂದು ಕಟ್ಟಿದವು. ಆದರೆ ‘ತಾತ್ಕಾಲಿಕ’ವೆಂಬ ಮಾತು ತಲೆಮಾರುಗಳನ್ನೇ ದಾಟಿತು. ಪಟ್ಟಣವು ಮರಳಿ ಎದ್ದಿತು. ಜೋಪಡಿಯ ಕೇರಿಗಳೂ ಉಳಿದವು. ಹಳತು ಕುಸಿದಲ್ಲಿ ತೇಪೆ ಬಿದ್ದಿತು, ಮಾಡಿಗೆ ಕಲ್ನಾರಿನ ಹೊದಿಕೆ ಬಂದಿತು, ಗೋಡೆಗೆ ತೇವವೇರಿತು. ಮನೆ ಕಳೆದುಕೊಂಡವರ ಸಂತತಿಯವರೂ ಬಳಿಕ ಬಂದು ಸೇರಿದ ಬಡವರೂ ಅಲ್ಲಿಯೇ ಹುಟ್ಟಿ ಬೆಳೆದರು. ೨೦೨೧ರಲ್ಲಿ ಇಟಲಿಯ ಸರಕಾರವು ೧೦ ಕೋಟಿ ಯೂರೋ ತೆಗೆದಿರಿಸಿ, ಆ ಕುಟುಂಬಗಳನ್ನು ಗಟ್ಟಿಮನೆಗೆ ಸಾಗಿಸಲು ವಿಶೇಷಾಧಿಕಾರಿಯನ್ನು ನೇಮಿಸಿದಾಗ ೧೧೨ ವರ್ಷಗಳು ಸಂದಿದ್ದವು!

ಭೂಕಂಪವು ಮನುಷ್ಯನ ಕೈಯಲ್ಲಿಲ್ಲ. ಮರೆವು ಮಾತ್ರ ಅವನದೇ. ಕೊಟ್ಟಾಯಿತೆಂಬ ತೃಪ್ತಿಯೇ ಈ ಮರೆವಿನ ತಾಯಿಬೇರು. ದಾನಿಯು ತಾನು ಕೊಟ್ಟ ದಿನವನ್ನು ನೆನೆಯುತ್ತಾನೆ. ದಾಸೋಹಿಯು ಇನ್ನೂ ಉಳಿದ ಕೆಲಸವನ್ನು ನೆನೆಯುತ್ತಾನೆ. ‘ನಾನು ಕೊಟ್ಟೆ’ನೆಂಬ ಅಹಂಕಾರವಳಿದವನಿಗೆ ಕೊಡುವ ಕಾರ್ಯವು ಮುಗಿಯುವುದಿಲ್ಲ.

ಮನೆಯೆಂಬುದು ನಶ್ವರ, ಅದರ ಚಿಂತೆಯೇಕೆ ಎಂದು ಕೆಲವರು ಕೇಳುವುದುಂಟು. ಗಟ್ಟಿ ಮಾಳಿಗೆಯಡಿ ಕುಳಿತವನು ಸೋರುವ ಮನೆಯವನಿಗೆ ಈ ವೈರಾಗ್ಯವನ್ನು ಬೋಧಿಸುವುದು ಸಲ್ಲದು. ತನ್ನ ಮನೆಯಲ್ಲಿ ನಿರ್ಮೋಹ, ಪರರ ಮನೆಯಲ್ಲಿ ಕಳಕಳಿ: ಇದೇ ಭಕ್ತನ ಕ್ರಮ. ಶರೀರವನ್ನೇ ಶಿವಾಲಯವೆಂದು ಬಗೆದವರು ಶರಣರು. ನೆರೆಯವನೆಂಬ ಆ ಆಲಯದ ಮೇಲೆ ಮಳೆ ಸುರಿಯುತ್ತಿರಲು, ಭಕ್ತನು ಒಳಗೆ ಕುಳಿತು ಮಾಡುವ ಪೂಜೆಯು ಯಾರಿಗೆ ಸಂದೀತು?

ಆದುದರಿಂದ ನೆರೆ, ಬೆಂಕಿ, ಭೂಕಂಪಗಳಲ್ಲಿ ನೊಂದವರಿಗೆ ನೆರವಾದ ಸದ್ಭಕ್ತನು ಮರುವರ್ಷದ ಮಳೆಗಾಲದಲ್ಲಿ ಮತ್ತೊಮ್ಮೆ ಅಲ್ಲಿಗೆ ಹೋಗಬೇಕು. ಮಾಡು ಸೋರುತ್ತಿದೆಯೋ, ಮನೆಯ ಹಕ್ಕುಪತ್ರ ಕೈಸೇರಿದೆಯೋ, ಕುಡಿಯುವ ನೀರುಂಟೋ ಎಂದು ವಿಚಾರಿಸಬೇಕು. ಆ ಮನೆಯ ಮಗುವು ನೆನೆಯದ ಹಾಸಿಗೆಯಲ್ಲಿ ಮಲಗಿದಂದು ಅವನ ದಾಸೋಹವು ಪೂರ್ಣವಾಯಿತೆಂದು ತಿಳಿಯತಕ್ಕದ್ದು.