ಮೂಸೆಯಲ್ಲಿ ಉಳಿಯುವುದು

ಒಂದು ವಸ್ತು ಕರಗಿ ಮತ್ತೊಂದಾದಾಗ ಅಳಿದುದೇನು, ಉಳಿದುದೇನು ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಕಾರ್ಯಕಾರಣವಿಚಾರದ ನಡುವೆಯೇ ಇರಿಸಿಕೊಂಡಿವೆ. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ಮಗ ಶ್ವೇತಕೇತುವಿಗೆ ಮಣ್ಣಿನ ಮುದ್ದೆ, ಶಂಕರರು ಚಿನ್ನದ ಗಟ್ಟಿಯೆಂದು ಅರ್ಥೈಸಿದ ಲೋಹಮಣಿ, ಉಗುರು ಕತ್ತರಿಸುವ ಕಬ್ಬಿಣದ ಉಪಕರಣ ಎಂಬ ಮೂರು ದೃಷ್ಟಾಂತಗಳನ್ನು ಕೊಟ್ಟು, ಇವುಗಳಲ್ಲಿ ಒಂದನ್ನು ಅರಿತರೆ ಆ ದ್ರವ್ಯದ ಎಲ್ಲವನ್ನೂ ಅರಿತಂತಾಗುತ್ತದೆಂದು ಬೋಧಿಸುತ್ತಾನೆ. ಈ ದೃಷ್ಟಾಂತಗಳ ಮೇಲೆ ಭಾಷ್ಯಗಳೂ ಟೀಕೆಗಳೂ ಬೆಳೆದಿವೆಯಾದರೂ ಅವನ್ನು ಕುಲುಮೆಯ ಬಳಿಗೆ ಒಯ್ದು ನೋಡಿದವರು ಕಡಿಮೆ. ಹಿತ್ತಲಿನಲ್ಲಿ ಗುಜರಿ ಅಲ್ಯೂಮಿನಿಯಮ್ಮನ್ನು ಕರಗಿಸಿ ಎರಕ ಹೊಯ್ಯುವ ಇಂದಿನ ಹವ್ಯಾಸ ಅಂಥ ಪರೀಕ್ಷೆಗೆ ಒಳ್ಳೆಯ ಅವಕಾಶವನ್ನು ಒದಗಿಸುತ್ತದೆ.

ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕಾದರೆ ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲೇ ಕರಗುವುದರಿಂದ, ಒಳಗೆ ಬೆಂಕಿಮಣ್ಣು ಮೆತ್ತಿದ ಒಂದು ಬಕೆಟ್ಟು, ಇದ್ದಿಲು ಮತ್ತು ತಿದಿಯ ಕೆಲಸ ಮಾಡುವ ಸಣ್ಣದೊಂದು ಬ್ಲೋವರ್ ಇದ್ದರೆ ಮನೆಯ ಹಿಂದೆಯೇ ಕುಲುಮೆ ಸಿದ್ಧವಾಗುತ್ತದೆ. ಅಮೆರಿಕದ ಡೇವಿಡ್ ಗಿಂಗರಿ 1980ರ ದಶಕದಲ್ಲಿ ಗುಜರಿಯಿಂದಲೇ ಇಡೀ ಲೋಹ ಕಾರ್ಯಾಗಾರವನ್ನು ಕಟ್ಟಿಕೊಳ್ಳುವ ಬಗೆಯನ್ನು ಪುಸ್ತಕಮಾಲೆಯಾಗಿ ಬರೆದಾಗ ಮೊದಲ ಸ್ಥಾನವನ್ನು ಇದ್ದಿಲಿನ ಕುಲುಮೆಗೆ ಕೊಟ್ಟರು. ಅದರಲ್ಲಿ ಎರಕ ಹೊಯ್ದ ಭಾಗಗಳಿಂದ ಲೇತ್ ಯಂತ್ರವನ್ನೂ, ಅದರ ನೆರವಿನಿಂದ ಉಳಿದ ಯಂತ್ರಗಳನ್ನೂ ಮಾಡಿಕೊಳ್ಳಬಹುದೆಂಬುದು ಅವರ ಕ್ರಮ. ಹಳೆಯ ಪಿಸ್ಟನ್ ಒಂದು ಲೇತಿನ ಅಂಗವಾಗಿ ಮರುಹುಟ್ಟು ಪಡೆಯುವ ಈ ಕ್ರಮದಲ್ಲಿ ದಾರ್ಶನಿಕ ಪ್ರಶ್ನೆ ತಾನಾಗಿಯೇ ಎದ್ದು ನಿಲ್ಲುತ್ತದೆ.

ಸಾಂಖ್ಯರ ಸತ್ಕಾರ್ಯವಾದದಂತೆ, ಎಂದರೆ ಕಾರ್ಯವು ಹುಟ್ಟುವ ಮೊದಲೇ ಕಾರಣದಲ್ಲಿ ಅವ್ಯಕ್ತವಾಗಿ ಇರುತ್ತದೆಂಬ ಮತದಂತೆ, ಎಳ್ಳಿನೊಳಗೆ ಎಣ್ಣೆಯಿರುವ ಹಾಗೆ ಲೇತಿನ ಅಂಗವೂ ಪಿಸ್ಟನ್ನಿನ ಲೋಹದಲ್ಲಿ ಇರಬೇಕಾಗುತ್ತದೆ. ಆದರೆ ಎರಕದಲ್ಲಿ ಆಕಾರ ಬರುವುದು ಲೋಹದ ಒಳಗಿನಿಂದಲ್ಲ. ಮರಳಿಗೆ ತುಸು ಜೇಡಿ ಮತ್ತು ನೀರನ್ನು ಕಲಸಿ, ಮರದ ಮಾದರಿಯ ಸುತ್ತ ಅದನ್ನು ಗಟ್ಟಿಯಾಗಿ ಒತ್ತಿ, ಮಾದರಿಯನ್ನು ಮೆಲ್ಲನೆ ಹೊರತೆಗೆದಾಗ ಉಳಿಯುವ ಟೊಳ್ಳೇ ಲೋಹಕ್ಕೆ ಆಕಾರವನ್ನು ಕೊಡುತ್ತದೆ. ಹಾಗೆಂದು ಲೋಹವು ಹೊರಗಿನ ಆಕಾರವನ್ನು ಸುಮ್ಮನೆ ಒಪ್ಪಿಕೊಳ್ಳುವ ಜಡವೂ ಅಲ್ಲ: ಗಟ್ಟಿಯಾಗಿ ತಣಿಯುವಾಗ ಅದು ಕುಗ್ಗುವುದರಿಂದ ಮಾದರಿಯನ್ನು ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು ದೊಡ್ಡದಾಗಿಯೇ ಕೆತ್ತಬೇಕು, ದಪ್ಪನೆಯ ಭಾಗಗಳ ಬಳಿ ಹೆಚ್ಚುವರಿ ದ್ರವ ನಿಲ್ಲಲು ಜಾಗ ಬಿಡಬೇಕು, ಇಲ್ಲವಾದರೆ ಅಲ್ಲಿ ಗುಳಿ ಬೀಳುತ್ತದೆ. ದ್ರವ್ಯದ ಸ್ವಭಾವವೂ ಸೇರಿಯೇ ಆಕಾರ ಸಿದ್ಧಿಸುತ್ತದೆ.

ನ್ಯಾಯ ಮತ್ತು ವೈಶೇಷಿಕ ದರ್ಶನಗಳು ಹೇಳುವ ಅಸತ್ಕಾರ್ಯವಾದದಲ್ಲಿ ಕಾರ್ಯವು ಮೊದಲು ಇಲ್ಲದ್ದು, ಹೊಸದಾಗಿ ಹುಟ್ಟುವಂಥದ್ದು. ಮಣ್ಣಿನ ಮಡಕೆಯನ್ನು ಸುಡುವಾಗ ಅದು ಪರಮಾಣುಗಳವರೆಗೆ ಬಿಡಿಯಾಗಿ ಮತ್ತೆ ಕೂಡುತ್ತದೆಯೆಂದು ವೈಶೇಷಿಕರೂ, ಮಡಕೆ ಮಡಕೆಯಾಗಿಯೇ ಉಳಿದು ಬಣ್ಣ ಬದಲಿಸುತ್ತದೆಯೆಂದು ನೈಯಾಯಿಕರೂ ವಾದಿಸಿದ್ದುಂಟು. ಮೂಸೆಯಲ್ಲಿ ಕುಸಿದು ದ್ರವವಾದ ಪಿಸ್ಟನ್ನಿನ ವಿಷಯದಲ್ಲಿ ಆ ಭಿನ್ನಮತಕ್ಕೆ ಎಡೆಯೇ ಇಲ್ಲ, ಅವಯವಿ, ಎಂದರೆ ಭಾಗಗಳಿಂದಾದ ಇಡಿಯ ವಸ್ತು, ಅಲ್ಲಿ ನಾಶವಾಗಿರುವುದು ಸ್ಪಷ್ಟ. ಅವರ ಪ್ರಕಾರ ನಾಶದಿಂದ ಉಂಟಾಗುವ ಅಭಾವಕ್ಕೆ, ಅಂದರೆ ಧ್ವಂಸಕ್ಕೆ, ಆದಿಯುಂಟು, ಅಂತ್ಯವಿಲ್ಲ. ಅದೇ ಲೋಹವನ್ನು ಅದೇ ಪಿಸ್ಟನ್ನಿನ ಅಚ್ಚಿಗೆ ಮತ್ತೆ ಸುರಿದರೂ ಮೂಡಿಬರುವುದು ಇನ್ನೊಂದು ಪಿಸ್ಟನ್ನೇ ಹೊರತು ಹಳೆಯದಲ್ಲ. ಕಳೆದುಹೋದದ್ದು ನಿಜವಾಗಿಯೂ ಕಳೆದುಹೋಗಿದೆ ಎಂಬುದನ್ನು ಇಷ್ಟು ಗಂಭೀರವಾಗಿ ಪರಿಗಣಿಸಿದ ಚಿಂತನೆ ವಿರಳ, ಈ ಕಾರಣಕ್ಕೇ ಅದು ಆದರಣೀಯ.

ಆದರೆ ಮೂಸೆಯೊಳಗೆ ಹೋದದ್ದೆಲ್ಲ ಗುರುತಿಲ್ಲದೆ ಒಂದಾಗುತ್ತದೆಂಬ ಭಾವನೆ ಅನುಭವಕ್ಕೆ ನಿಲ್ಲುವುದಿಲ್ಲ. ಅಲ್ಯೂಮಿನಿಯಂ ಗಾಳಿಗೆ ತಾಗಿದೊಡನೆ ಅದರ ಮೇಲೆ ಆಕ್ಸೈಡಿನ ತೆಳುಪೊರೆ ಕಟ್ಟುತ್ತದೆ, ಆ ಪೊರೆ ಕರಗಲು 2000 ಡಿಗ್ರಿಗೂ ಮೀರಿದ ಶಾಖ ಬೇಕು. ಆದ್ದರಿಂದಲೇ ತೆಳ್ಳನೆಯ ಪಾನೀಯದ ಡಬ್ಬಿಗಳನ್ನು ಕರಗಿಸಿದಾಗ ಬೂದುಬಣ್ಣದ ಕಿಟ್ಟವೇ ಹೆಚ್ಚಾಗಿ ತೇಲುತ್ತದೆ. ಗುಜರಿಯಲ್ಲಿದ್ದ ತೇವ ಜಲಜನಕವಾಗಿ ದ್ರವಲೋಹದಲ್ಲಿ ಸೇರಿಕೊಂಡು, ಲೋಹ ಗಟ್ಟಿಯಾಗುವ ಹೊತ್ತಿಗೆ ಹೊರಬೀಳಲು ಹವಣಿಸಿ, ಎರಕದ ಒಡಲಲ್ಲಿ ಸೂಜಿಮೊನೆಯಂಥ ರಂಧ್ರಗಳನ್ನು ಬಿಡುತ್ತದೆ. ಪಿಸ್ಟನ್ನಿನ ಮಿಶ್ರಲೋಹದಲ್ಲಿದ್ದ ಸಿಲಿಕಾನ್ ಕರಗಿದ ಮೇಲೂ ಉಳಿದು ದ್ರವವನ್ನು ಅಚ್ಚಿನ ಸಂದುಗೊಂದುಗಳಿಗೆ ಸರಾಗವಾಗಿ ಹರಿಸುತ್ತದೆ, ಕಿಟಕಿಯ ಚೌಕಟ್ಟಿನಿಂದ ಬಂದ ಲೋಹಕ್ಕೆ ಆ ಹರಿವು ಇರುವುದಿಲ್ಲ. ಅಳಿಯುವುದು ಆಕಾರ, ಪೂರ್ವದ ಸಂಯೋಜನೆಯಲ್ಲ.

ಈ ಸಂಗತಿಯನ್ನು ಎದುರಿಗಿಟ್ಟುಕೊಂಡು ಉದ್ದಾಲಕನ ದೃಷ್ಟಾಂತಗಳಿಗೆ ಮರಳಿದರೆ ಎರಡು ಭಾಷ್ಯಪರಂಪರೆಗಳ ಅಂತರ ಹೊಸ ಬೆಳಕಿನಲ್ಲಿ ಕಾಣುತ್ತದೆ. ಶಂಕರರ ಓದಿನಲ್ಲಿ ಕಾರ್ಯವು ಕಾರಣಕ್ಕಿಂತ ಬೇರೆಯಲ್ಲ, ನಾಮರೂಪಗಳನ್ನು ಕಳೆದರೆ ದ್ರವ್ಯವೊಂದೇ ಸತ್ಯ. ಇದು ಎಲ್ಲವನ್ನೂ ಕರಗಿಸಿ ನೋಡುವ ದೃಷ್ಟಿ. ಮಧ್ವಾಚಾರ್ಯರಾದರೋ ಉಗುರು ಕತ್ತರಿಸುವ ಒಂದು ಉಪಕರಣ ಲೋಕದ ಕಬ್ಬಿಣದ ವಸ್ತುಗಳಿಗೆಲ್ಲ ಉಪಾದಾನಕಾರಣ, ಅಂದರೆ ಅವು ಯಾವುದರಿಂದ ಆದವೋ ಆ ಮೂಲದ್ರವ್ಯ, ಆಗಲಾರದೆಂದು ಆಕ್ಷೇಪಿಸಿ, ಒಂದರ ಅರಿವಿನಿಂದ ಉಳಿದವುಗಳ ಅರಿವು ಬರುವುದು ಸಾದೃಶ್ಯದಿಂದ ಮತ್ತು ಪ್ರಾಧಾನ್ಯದಿಂದ ಎಂದು ವಿವರಿಸಿದರು. ಇದು ಆರಿಸಿ ಬೇರ್ಪಡಿಸುವ ದೃಷ್ಟಿ; ಒಂದು ಪಿಸ್ಟನ್ನಿನ ಗುಣವನ್ನು ಬಲ್ಲವನು ಅದರಂಥ ಪಿಸ್ಟನ್ನುಗಳ ಗುಣವನ್ನೂ ಬಲ್ಲನೆಂಬ ನಂಬಿಕೆಯ ಮೇಲೆಯೇ ಗುಜರಿಯ ವಿಂಗಡಣೆ ನಿಂತಿದೆ. ಕಾರ್ಯವು ಕಾರಣರೂಪದಿಂದ ಮೊದಲೇ ಇದ್ದು ಕಾರ್ಯರೂಪದಿಂದ ಇರಲಿಲ್ಲವೆನ್ನುವ ದ್ವೈತಿಗಳ ಸದಸತ್ಕಾರ್ಯವಾದವೂ ಉಳಿಯುವ ಸಂಯೋಜನೆ, ಅಳಿಯುವ ಆಕಾರ ಎರಡಕ್ಕೂ ಸಲ್ಲುತ್ತದೆ.

ಸಿಲಿಕಾನ್ ಕೂಡ ಇನ್ನೊಂದು ಮೂಲದ ವಿಕಾರವೇ, ದೃಷ್ಟಾಂತದ ಗುರಿ ಲೋಹವಲ್ಲ, ಎಲ್ಲಕ್ಕೂ ಮೂಲವಾದ ಸದ್ವಸ್ತು ಎಂದು ಅದ್ವೈತಿ ಉತ್ತರಿಸಬಹುದು. ಉತ್ತರ ಸಮರ್ಪಕವೇ, ಆದರೆ ಅದು ಶ್ರುತಿಯ ಬಲದಿಂದ ನಿಲ್ಲುವ ಉತ್ತರ, ಕುಲುಮೆಯ ಸಾಕ್ಷ್ಯದಿಂದಲ್ಲ. ಕುಲುಮೆಯ ಮಟ್ಟಿಗೆ ಸಾಕ್ಷ್ಯವು ಮಧ್ವರ ಓದಿನ ಕಡೆಗಿದೆ. ಅಲ್ಯೂಮಿನಿಯಮ್ಮಿನೊಳಗೆ ಒಮ್ಮೆ ಕರಗಿದ ಕಬ್ಬಿಣವನ್ನು ಹಿತ್ತಲಿನ ಯಾವ ಉಪಾಯದಿಂದಲೂ ತೆಗೆಯಲಾಗುವುದಿಲ್ಲ, ಶುದ್ಧ ಲೋಹವನ್ನು ಬೆರೆಸಿ ಅದರ ಪ್ರಮಾಣವನ್ನು ತಗ್ಗಿಸಬಹುದಷ್ಟೆ. ಆದಕಾರಣ ಎರಕದ ಕೆಲಸ ಬಲ್ಲವರು ಬೆಂಕಿ ಹೊತ್ತಿಸುವ ಮೊದಲೇ ಗುಜರಿಯನ್ನು ಜಾತಿವಾರು ವಿಂಗಡಿಸಿಕೊಳ್ಳುತ್ತಾರೆ.