ಕೆರೆದಂಡೆಯ ನೆನಪು ಪ್ರಮಾಣವೇ?

ಒಂದು ಬಯಲು, ಕೆರೆದಂಡೆ ಅಥವಾ ಮರದ ಬುಡ ಒಬ್ಬರಿಗೆ ಪ್ರಿಯವಾಗುವುದು ಹೆಚ್ಚಾಗಿ ಅದರ ಚೆಲುವಿನಿಂದಲ್ಲ, ಅಲ್ಲಿ ಕಳೆದ ಹೊತ್ತಿನ ನೆನಪಿನಿಂದ. ಆ ನೆನಪು ಅರಿವೋ, ಬರೀ ಭಾವವೋ? ಭಾರತೀಯ ದರ್ಶನಗಳಲ್ಲಿ ಇದು ಹಳೆಯ ಜಗಳ. ಸ್ಮೃತಿಯನ್ನು ಪ್ರಮಾಣವೆನ್ನಬಹುದೇ, ಎಂದರೆ ನಂಬತಕ್ಕ ಅರಿವೆನ್ನಬಹುದೇ ಎಂಬುದು ಅದರ ಶಾಸ್ತ್ರೀಯ ರೂಪ.

ಧಾರವಾಡದ ಮಾಳಮಡ್ಡಿಗೆ ಈ ಚರ್ಚೆ ಹೊರಗಿನದಲ್ಲ. ರೈಲು ನಿಲ್ದಾಣದ ಬದಿಯ ಈ ಬಡಾವಣೆಯಲ್ಲಿ ಉತ್ತರಾದಿ ಮಠವಿದೆ, ರಾಯರ ಮಠವಿದೆ, ವನವಾಸಿ ರಾಮಮಂದಿರವಿದೆ, ಕೆ.ಇ. ಬೋರ್ಡ್ ಶಾಲೆಯೂ ಇಲ್ಲಿಯದೇ. ಇಲ್ಲಿ ಬೆಳೆದು ಪುಣೆ, ಬೆಂಗಳೂರು, ಪರದೇಶಗಳನ್ನು ಸೇರಿದವರು ನೆನೆಯುವ ಜಾಗಗಳು ದೊಡ್ಡ ಪ್ರವಾಸಿ ತಾಣಗಳೇನಲ್ಲ: ಶಾಲೆಯ ಅಂಗಳ, ಸಂಜೆ ಅಡ್ಡಾಡಲು ಹೋಗುತ್ತಿದ್ದ ಸ್ಟೇಶನ್ ದಾರಿ, ಕೆಲಗೇರಿ ಕೆರೆ, ನುಗ್ಗಿಕೇರಿಯ ಹನುಮಪ್ಪನ ಗುಡಿ, ಶಾಲ್ಮಲಾ ನದಿ ಹುಟ್ಟುವ ಸೋಮೇಶ್ವರ.

ಇಂಥ ನೆನಪು ಏಳುವ ಬಗೆಯನ್ನು ಎಲ್ಲರಿಗಿಂತ ಬಿಡಿಸಿ ಹೇಳಿದವರು ನೈಯಾಯಿಕರು. ಅನುಭವ ಆತ್ಮದಲ್ಲಿ ಸಂಸ್ಕಾರವನ್ನು, ಎಂದರೆ ತನ್ನ ಅಚ್ಚನ್ನು, ಉಳಿಸುತ್ತದೆ. ಅದನ್ನು ಎಬ್ಬಿಸುವ ಉದ್ಬೋಧಕವೊಂದು ತಗುಲಿದಾಗ ಆ ಸಂಸ್ಕಾರ ಎಚ್ಚತ್ತು ಸ್ಮೃತಿಯಾಗುತ್ತದೆ. ಗೌತಮನ ನ್ಯಾಯಸೂತ್ರದ ಮೂರನೆಯ ಅಧ್ಯಾಯ ಇಂಥ ಉದ್ಬೋಧಕಗಳ ಉದ್ದನೆಯ ಪಟ್ಟಿಯನ್ನೇ ಕೊಡುತ್ತದೆ: ಸಾದೃಶ್ಯ, ಸಂಬಂಧ, ಆಶ್ರಯ, ಸುಖ, ದುಃಖ, ಭಯ, ವಿಯೋಗ ಇತ್ಯಾದಿ. ತರ್ಕಶಾಸ್ತ್ರದ ಸೂತ್ರವೊಂದು ವಿಯೋಗವನ್ನು ಮರೆಯದೆ ಸೇರಿಸಿಕೊಂಡಿರುವುದು ಗಮನಿಸತಕ್ಕದ್ದು. ಈ ಲೆಕ್ಕದಲ್ಲಿ ಕೆರೆ ನೆನಪನ್ನು ಇಟ್ಟುಕೊಂಡಿರುವುದಿಲ್ಲ, ಎಬ್ಬಿಸುತ್ತದೆ ಅಷ್ಟೆ. ಅದೇ ದಂಡೆಯಲ್ಲಿ ನಿಂತ ಪರಸ್ಥಳದವನಿಗೆ ಏನೂ ಆಗದಿರುವುದು ಅವನಲ್ಲಿ ಆ ಸಂಸ್ಕಾರ ಇಲ್ಲದ್ದರಿಂದ. ಆದರೂ ನ್ಯಾಯಮತದಲ್ಲಿ ಸ್ಮೃತಿ ಪ್ರಮೆಯಲ್ಲ, ಎಂದರೆ ಪ್ರಮಾಣದಿಂದ ಹುಟ್ಟಿದ ಅರಿವಲ್ಲ. ಅದು ಹಿಂದಿನ ಅನುಭವಕ್ಕೆ ಅಧೀನ, ಸ್ವತಂತ್ರವಾಗಿ ವಸ್ತುವನ್ನು ಮುಟ್ಟುವುದಿಲ್ಲ. ಭಾಟ್ಟ ಮೀಮಾಂಸಕರಿಗೂ, ಮೊದಲು ತಿಳಿಯದ್ದನ್ನು ತಿಳಿಸಿದರೆ ಮಾತ್ರ ಪ್ರಮಾಣ.

ಮಾಳಮಡ್ಡಿಯ ಮಠಗಳು ಅನುಸರಿಸುವ ದ್ವೈತಮತ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಪ್ರಮಾಣಕ್ಕೆ ಬೇಕಾದದ್ದು ಯಥಾರ್ಥತೆ ಮಾತ್ರ ಎನ್ನುತ್ತಾರೆ, ಹೊಸತನದ ಷರತ್ತು ಇಲ್ಲ. ವಸ್ತು ಇದ್ದಂತೆಯೇ ತಿಳಿದರೆ ಸ್ಮೃತಿಯೂ ಪ್ರಮಾಣವೇ. ಅದು ಮನಸ್ಸೆಂಬ ಇಂದ್ರಿಯದಿಂದ, ಸಂಸ್ಕಾರದ ನೆರವಿನಿಂದ ಹುಟ್ಟುವ ಪ್ರತ್ಯಕ್ಷ. ಆಗಿನ ಸ್ಥಿತಿ ಈಗ ಇಲ್ಲವಲ್ಲ ಎಂಬ ಆಕ್ಷೇಪಕ್ಕೂ ಉತ್ತರವಿದೆ: ಸ್ಮೃತಿ ‘ಇದೆ’ ಎನ್ನುವುದಿಲ್ಲ, ‘ಇತ್ತು’ ಎನ್ನುತ್ತದೆ; ಇದ್ದದ್ದು ನಿಜವಾದರೆ ಅರಿವೂ ನಿಜ. ಬಯಲಿದ್ದಲ್ಲಿ ಮನೆಗಳೆದ್ದರೂ ಬಯಲಿನ ನೆನಪು ಸುಳ್ಳಾಗದು. ಆದರೆ ಹುಣಸೆಮರ ಗುಡಿಯ ಎಡಕ್ಕಿದ್ದು, ನೆನೆಯುವವರು ಬಲಕ್ಕಿಟ್ಟರೆ ಅಷ್ಟರಮಟ್ಟಿಗೆ ಅದು ಭ್ರಮೆ. ಎಷ್ಟು ಪ್ರೀತಿಯಿಂದ ನೆನೆದರೂ ಈ ತಪ್ಪು ತಿದ್ದಿಕೊಳ್ಳುವುದಿಲ್ಲ. ಊರು ಬಿಟ್ಟವರ ಮಾತಿಗೆ ಈ ವಾದ ನ್ಯಾಯಮತಕ್ಕಿಂತ ಹೆಚ್ಚು ನ್ಯಾಯ ಒದಗಿಸುತ್ತದೆ. ಅವರ ನೆನಪಿಗೆ ಮನ್ನಣೆ ಕೊಡುತ್ತದೆ, ಪರೀಕ್ಷೆಯಿಂದ ವಿನಾಯಿತಿ ಕೊಡುವುದಿಲ್ಲ.

ಮರಳಿ ಬಂದು ‘ಅದೇ ಕೆರೆ ಇದು’ ಎಂದಾಗ ಆಗುವುದು ಪ್ರತ್ಯಭಿಜ್ಞೆ. ವಸ್ತು ಸ್ಥಿರವೆನ್ನಲು ನೈಯಾಯಿಕರೂ ಮೀಮಾಂಸಕರೂ ಇದನ್ನೇ ಮುಂದಿಡುತ್ತಾರೆ. ಎಲ್ಲವೂ ಕ್ಷಣಿಕವೆನ್ನುವ ಬೌದ್ಧರಿಗೆ ಇದು ಹೋಲಿಕೆಯಿಂದಾದ ಭ್ರಾಂತಿ. ಮಳೆಗಾಲಕ್ಕೊಮ್ಮೆ ತುಂಬಿ ಬೇಸಿಗೆಗೆ ಇಳಿಯುವ ಕೆರೆಯ ಮಟ್ಟಿಗೆ ಬೌದ್ಧರ ಮಾತೇ ಗಟ್ಟಿಯಾಗಿ ಕಾಣುತ್ತದೆ. ಹಳೆಯ ನೀರಿನ ಹನಿಯೂ ಅಲ್ಲಿ ಉಳಿದಿರಲಾರದು. ಆದರೆ ‘ಅಂದು ಇಲ್ಲಿ ಕೂತಿದ್ದವನೇ ನಾನು’ ಎಂಬ ಇನ್ನೊಂದು ಎಳೆಯನ್ನು ಹಾಗೆ ಸುಲಭವಾಗಿ ಕಡಿಯಲಾಗದು. ಒಬ್ಬ ಕಂಡದ್ದನ್ನು ಇನ್ನೊಬ್ಬ ನೆನೆಯಲಾರ, ಆದ್ದರಿಂದ ಕಂಡವನೂ ನೆನೆಯುವವನೂ ಒಬ್ಬನೇ ಆಗಿರಬೇಕು ಎಂದು ನ್ಯಾಯದರ್ಶನ ಆತ್ಮವನ್ನು ಸಾಧಿಸುವುದು ಈ ಎಳೆಯಿಂದಲೇ.

ಧರ್ಮದ ಕಡೆಯಿಂದ ಎರಡು ತೊಡಕುಗಳಿವೆ. ಯೋಗಸೂತ್ರ ಸುಖದ ಬೆನ್ನಿಗೆ ಬರುವ ಅಂಟನ್ನು ರಾಗವೆಂದು ಕರೆದು ಕ್ಲೇಶಗಳಲ್ಲಿ ಎಣಿಸುತ್ತದೆ. ಪ್ರಿಯಸ್ಥಳದ ಸೆಳೆತ ಇದರಿಂದ ಪಾರಾಗುವಂತಿಲ್ಲ. 12ನೇ ಶತಮಾನದ ಶರಣರೂ ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದವರು. ಇನ್ನೊಂದು ಕಡೆ ಮಹಾಪರಿನಿಬ್ಬಾಣ ಸುತ್ತದಲ್ಲಿ ಬುದ್ಧನೇ, ತಾನು ಹುಟ್ಟಿದ, ಬೋಧಿ ಪಡೆದ, ಮೊದಲು ಉಪದೇಶಿಸಿದ, ನಿರ್ವಾಣ ಹೊಂದಲಿರುವ ನಾಲ್ಕು ಜಾಗಗಳನ್ನು ಶ್ರದ್ಧಾಳುಗಳು ನೋಡಬೇಕೆಂದು ಆನಂದನಿಗೆ ಹೇಳುತ್ತಾನೆ. ಕ್ಷಣಿಕವಾದಕ್ಕೆ ಬೇರಾದ ಧರ್ಮವೂ ಸ್ಥಳದ ಸ್ಮರಣೆಯನ್ನು ಬಿಟ್ಟುಕೊಡಲಿಲ್ಲ. ಕ್ಷೇತ್ರಕ್ಕೂ ಸ್ವಂತ ಪ್ರಿಯಸ್ಥಳಕ್ಕೂ ಒಂದು ಅಂತರವಂತೂ ಇದೆ: ಕ್ಷೇತ್ರದಲ್ಲಿ ಸನ್ನಿಧಾನ ಭಕ್ತ ಬರಲಿ ಬಿಡಲಿ ಇರುತ್ತದೆ ಎಂಬುದು ನಂಬಿಕೆ, ಪ್ರಿಯಸ್ಥಳದ ಮಹಿಮೆ ನೆನೆಯುವವನ ಸಂಸ್ಕಾರಕ್ಕೆ ಕಟ್ಟುಬಿದ್ದದ್ದು, ಅವನೊಂದಿಗೇ ಮುಗಿಯುವಂಥದ್ದು.

ಮಾತಿಗಿಳಿದರೆ ಮಾತ್ರ ಅದು ಇನ್ನೊಬ್ಬರಿಗೆ ದಾಟುತ್ತದೆ. ದ.ರಾ. ಬೇಂದ್ರೆಯವರ (1896–1981) ಮನೆ ‘ಶ್ರೀಮಾತಾ’ ಇರುವ ಸಾಧನಕೇರಿ ಧಾರವಾಡವನ್ನೇ ಕಾಣದ ಕನ್ನಡಿಗರಿಗೂ ಪರಿಚಿತವಾದದ್ದು ಅವರ ಕವಿತೆಯಿಂದ. ಅಂಥ ಓದುಗನೊಬ್ಬ ಮೊದಲ ಸಲ ಸಾಧನಕೇರಿಯ ಕೆರೆಯ ಮುಂದೆ ನಿಂತು ‘ಇದೇ ಅದು’ ಎಂದರೆ ಅದು ಪ್ರತ್ಯಭಿಜ್ಞೆಯಲ್ಲ. ಅವನು ಹಿಂದೆ ಕಂಡದ್ದು ಕವಿತೆಯನ್ನು, ಕೆರೆಯನ್ನಲ್ಲ. ಹಸುವಿನಂತಿರುತ್ತದೆ ಎಂದು ಕೇಳಿದ ವರ್ಣನೆಯ ಬಲದಿಂದ ಕಾಡಿನಲ್ಲಿ ಗವಯವೆಂಬ ಪ್ರಾಣಿಯನ್ನು ಗುರುತಿಸಿದವನಂತೆ ಇವನದು ಉಪಮಾನಕ್ಕೆ ಹತ್ತಿರವಾದ ಅರಿವು ಎಂದು ನೈಯಾಯಿಕರು ಹೇಳಬಹುದು. ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರನ್ನೇ ಒಪ್ಪುವ ದ್ವೈತದಲ್ಲಿ ಉಪಮಾನಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಅಲ್ಲಿ ಇವನ ಅರಿವನ್ನು ಈ ಮೂರರೊಳಗೇ ಹೊಂದಿಸಬೇಕಾಗುತ್ತದೆ.