ಆಟ ಯಾರದು, ಪಾಠ ಯಾರದು?

2005ರ ಸೆಪ್ಟೆಂಬರ್‌ನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟದೊಳಗೆ ಒಂದು ಸಾಂಕ್ರಾಮಿಕ ಹರಡಿತು. ಆಟ ಕಟ್ಟಿದ ಬ್ಲಿಝರ್ಡ್ ಕಂಪನಿ ಹೊಸದಾಗಿ ಸೇರಿಸಿದ್ದ ಒಂದು ತಾಣದಲ್ಲಿ ಹಕ್ಕರ್ ಎಂಬ ರಕ್ತದೇವತೆಯೊಡನೆ ಕಾದಾಡಿದವರಿಗೆ ಒಂದು ರಕ್ತದ ಸೋಂಕು ತಗಲುತ್ತಿತ್ತು, ಪಕ್ಕದಲ್ಲಿ ನಿಂತವರಿಗೂ ಅಂಟುತ್ತಿತ್ತು. ಅದು ಆ ತಾಣದೊಳಗೇ ಮುಗಿಯಬೇಕಾದ ಕಾಯಿಲೆ. ಆದರೆ ಆಟಗಾರರ ಸಾಕುಪ್ರಾಣಿಗಳು ಅದನ್ನು ಊರಿಗೆ ಹೊತ್ತು ತಂದವು. ಪಳಗಿದ ಆಟಗಾರರ ಬಲಿಷ್ಠ ಪಾತ್ರಗಳು ಹೇಗೋ ತಡೆದುಕೊಂಡವು, ಹೊಸಬರ ಪಾತ್ರಗಳು ಕ್ಷಣಗಳಲ್ಲಿ ಸತ್ತವು. ಕಂಪ್ಯೂಟರ್ ನಡೆಸುವ ಅಂಗಡಿಯವರು, ಕಾವಲುಗಾರರು ತಾವು ಮಾತ್ರ ಸಾಯದೆ ರೋಗ ಹಂಚುತ್ತ ನಿಂತರು. ಬೀದಿಗಳಲ್ಲಿ ಅಸ್ಥಿಪಂಜರಗಳು ಬಿದ್ದಿದ್ದವು.

ಆಗ ಜನ ನಡೆದುಕೊಂಡ ರೀತಿ ನಮಗೆ ಈಗ ಚೆನ್ನಾಗಿ ಪರಿಚಿತ. ಕೆಲವರು ಊರು ಬಿಟ್ಟು ಓಡಿದರು. ವೈದ್ಯದ ಶಕ್ತಿಯಿದ್ದವರು ಬಂದು ಗುರುತಿಲ್ಲದವರ ಗಾಯಕ್ಕೆ ಮದ್ದು ಮಾಡಿದರು. ಕೆಲವರು ಏನಾಗಿದೆ ಎಂದು ನೋಡಲು ಬಂದು ರೋಗ ಅಂಟಿಸಿಕೊಂಡು ಹೋದರು. ಇನ್ನು ಕೆಲವರು ಬೇಕೆಂದೇ ಜನಜಂಗುಳಿಗೆ ನುಗ್ಗಿ ಹರಡಿದರು. ಕಂಪನಿ ರೋಗಪೀಡಿತರನ್ನು ಪ್ರತ್ಯೇಕಿಸಲು ನೋಡಿ ಸೋತಿತು. ಕೊನೆಗೆ ಪ್ರೋಗ್ರಾಮನ್ನೇ ತಿದ್ದಿ ರೋಗವನ್ನು ಅಳಿಸಿತು.

ಎರಡು ವರ್ಷಗಳ ಬಳಿಕ, 2007ರಲ್ಲಿ, ಈ ಘಟನೆ ವೈದ್ಯಕೀಯ ಪತ್ರಿಕೆಗಳನ್ನು ತಲುಪಿತು. ‘ಎಪಿಡೆಮಿಯಾಲಜಿ’ಯಲ್ಲಿ ರಾನ್ ಬಾಲಿಸರ್ ಬರೆದರು. ‘ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್’ನಲ್ಲಿ ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಬರೆದರು. ಅವರ ವಾದ ಸರಳ. ರೋಗ ಬಂದಾಗ ಮನುಷ್ಯರು ಹೇಗೆ ವರ್ತಿಸುತ್ತಾರೆಂದು ತಿಳಿಯಲು ಯಾವ ಊರಿನ ಮೇಲೂ ರೋಗ ಬಿಟ್ಟು ನೋಡಲಾಗದು. ಗಣಿತದ ಮಾದರಿಗಳು ಮನುಷ್ಯನ ಹೆದರಿಕೆ, ಕುತೂಹಲ, ಕಿಡಿಗೇಡಿತನಗಳನ್ನು ಹಿಡಿಯಲಾರವು. ಆದರೆ ನಿಜವಾದ ಜನ ಸೇರುವ ವರ್ಚುವಲ್ ಜಗತ್ತು ಇದಕ್ಕೆ ಪ್ರಯೋಗಾಲಯವಾಗಬಹುದು.

ಒಂದೇ ಘಟನೆ. ಆಟ ಕಟ್ಟಿದವರಿಗೆ ಅದೊಂದು ದೋಷ. ಸಂಶೋಧಕರಿಗೆ ಅಪರೂಪದ ಅವಕಾಶ. ಒಳಗಿದ್ದವರಿಗೆ? ಕಟ್ಟುವವರು ಮತ್ತು ಸಂಶೋಧಕರ ನಂಟಿನ ಬಗ್ಗೆ ಮಾತು ಬಂದಾಗಲೆಲ್ಲ ಯಾರು ಯಾರಿಗೆ ಮಾಹಿತಿ ಕೊಡಬೇಕು, ಯಾವ ಷರತ್ತಿನ ಮೇಲೆ ಎಂಬ ಚರ್ಚೆಯೇ ನಡೆಯುತ್ತದೆ. ಇದು ಇಬ್ಬರ ನಡುವಿನ ವ್ಯವಹಾರವೆಂಬಂತೆ. ಅಲ್ಲಿ ವಾಸಿಸುವ ಮೂರನೆಯವನೊಬ್ಬ ಇದ್ದಾನೆ ಎಂಬುದೇ ನನ್ನ ತಕರಾರು.

ಆ ಮೂರನೆಯವನ ಪ್ರಶ್ನೆ ಎತ್ತಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: “ಅಯ್ಯೋ, ಅದು ಬರೀ ಆಟ.” ಈ ಉತ್ತರವನ್ನು ಸ್ವಲ್ಪ ಹಿಡಿದು ನಿಲ್ಲಿಸಿ ನೋಡೋಣ. ಬರೀ ಆಟವಾಗಿದ್ದರೆ, ಅಲ್ಲಿನ ವರ್ತನೆಯಿಂದ ನಿಜವಾದ ಸಾಂಕ್ರಾಮಿಕದ ಬಗ್ಗೆ ಕಲಿಯುವುದೇನೂ ಇರುವುದಿಲ್ಲ. ಕಲಿಯುವುದು ಇದೆ ಎಂದಾದರೆ, ಅಲ್ಲಿನ ಭಯ ಒಂದಿಷ್ಟಾದರೂ ನಿಜವಾದ ಭಯ, ಅಲ್ಲಿನ ಉಪಕಾರ ನಿಜವಾದ ಉಪಕಾರ. ಪ್ರಬಂಧ ಬರೆಯುವಾಗ ‘ಇದು ನಿಜ’, ಹೊಣೆಯ ಮಾತು ಬಂದಾಗ ‘ಇದು ಆಟ’ ಎನ್ನುವಂತಿಲ್ಲ. ಪಾಠ ನಿಜವಾದರೆ ಪಾಡೂ ನಿಜ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಆಟದಲ್ಲಿ ಸತ್ತವನು ಕೆಲವು ನಿಮಿಷಗಳಲ್ಲಿ ಎದ್ದು ಬರುತ್ತಾನೆ. ಅವನ ಸಾವನ್ನು ಆಸ್ಪತ್ರೆಯ ಸಾವಿನ ಜೊತೆ ತೂಗುವುದು ಸಾವಿಗೇ ಅವಮಾನ. ಒಪ್ಪುತ್ತೇನೆ. ಆದರೆ ನೋವು ಚಿಕ್ಕದು ಎನ್ನುವುದು ಬೇರೆ, ಇಲ್ಲವೇ ಇಲ್ಲ ಎನ್ನುವುದು ಬೇರೆ. ಮಹಾಭಾರತದ ಪಗಡೆಯೂ ಆಟವೇ. ಹಾಸಿನ ಮೇಲೆ ಉರುಳಿದ್ದು ದಾಳ ಮಾತ್ರ. ಹೋದದ್ದು ರಾಜ್ಯ, ಸಭೆಗೆ ಎಳೆದು ತಂದದ್ದು ಒಬ್ಬ ಹೆಣ್ಣನ್ನು. ಒಂದು ಆಟ ಎಷ್ಟು ನಿಜ ಎನ್ನುವುದನ್ನು ಅದರೊಳಗೆ ಏನನ್ನು ಪಣಕ್ಕಿಟ್ಟಿದ್ದೇವೆ ಎನ್ನುವುದು ತೀರ್ಮಾನಿಸುತ್ತದೆ. ಇಂದಿನ ಆಟಗಾರ ಇಡುವುದು ತನ್ನ ವರ್ಷಗಳನ್ನು, ಗೆಳೆತನವನ್ನು, ಒಂದು ಹೆಸರನ್ನು.

ಹೆಸರಿಗೆ ಆಗುವ ಗಾಯವೂ ನೋಯುತ್ತದೆ ಎಂಬುದನ್ನು ಜಗತ್ತಿಗೆ ಮೊದಲು ಗಟ್ಟಿಯಾಗಿ ಹೇಳಿದ್ದು 1993ರಲ್ಲಿ ಜೂಲಿಯನ್ ಡಿಬೆಲ್ ‘ವಿಲೇಜ್ ವಾಯ್ಸ್’ ಪತ್ರಿಕೆಗೆ ಬರೆದ ಲೇಖನ. ಲ್ಯಾಂಬ್ಡಾಮೂ ಎಂಬುದು ಚಿತ್ರಗಳೇ ಇಲ್ಲದ, ಬರೀ ಅಕ್ಷರಗಳ ಜಗತ್ತು. ಕಟ್ಟಿದವರು ಪಾವೆಲ್ ಕರ್ಟಿಸ್, ಝೆರಾಕ್ಸ್ ಕಂಪನಿಯ ಸಂಶೋಧಕ. ಅಲ್ಲಿ ಒಬ್ಬ, ಒಂದು ಚಿಕ್ಕ ಪ್ರೋಗ್ರಾಮಿನ ಬಲದಿಂದ, ಬೇರೆಯವರ ಪಾತ್ರಗಳು ತಮ್ಮ ಮೇಲೆ ತಾವೇ ಲೈಂಗಿಕ ಹಿಂಸೆ ಮಾಡಿಕೊಳ್ಳುತ್ತಿರುವಂತೆ ಎಲ್ಲರೆದುರು ಬರೆಸಿದ. ಯಾರ ಮೈಯನ್ನೂ ಅವನು ಮುಟ್ಟಿರಲಿಲ್ಲ. ಆದರೂ ನೊಂದವರು ನೊಂದರು. ಆ ಜಗತ್ತಿನ ಜನ ಸಭೆ ಸೇರಿ ಶಿಕ್ಷೆಯ ಬಗ್ಗೆ ವಾದಿಸಿದರು. ಕೊನೆಗೆ ಕರ್ಟಿಸ್ ಅಲ್ಲಿನವರೇ ಅರ್ಜಿ ಸಲ್ಲಿಸಿ ಮತ ಹಾಕುವ ಪದ್ಧತಿ ತಂದರು. ಕಟ್ಟಿದವನೂ ಸಂಶೋಧಕನೂ ಒಬ್ಬನೇ ಆಗಿದ್ದ ಕಡೆ ಮೂರನೆಯವನಿಗೆ ಮಾತು ಸಿಕ್ಕಿತು ಎಂಬುದನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ.

ಮುಂದೆ ಈ ಜಗತ್ತುಗಳು ದೊಡ್ಡ ಉದ್ಯಮಗಳಾದವು. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಕ್ಯಾಸ್ಟ್ರೊನೋವಾ 2001ರಲ್ಲಿ ‘ಎವರ್‌ಕ್ವೆಸ್ಟ್’ ಆಟದ ಆರ್ಥಿಕತೆಯ ಬಗ್ಗೆ ಬರೆದಾಗ ಸ್ವತಃ ಆಟಗಾರನಾಗಿ ಒಳಗೆ ಹೋಗಿದ್ದರು. ಆಟಗಾರರನ್ನು ಪ್ರಶ್ನೆ ಕೇಳಿ, ಹೊರಗಿನ ಹರಾಜಿನಲ್ಲಿ ಆಟದ ವಸ್ತುಗಳಿಗೆ ಸಿಗುತ್ತಿದ್ದ ಬೆಲೆ ನೋಡಿ, ಆ ಕಾಲ್ಪನಿಕ ನಾಡಿನ ತಲಾ ಉತ್ಪನ್ನ ರಷ್ಯಾ ಮತ್ತು ಬಲ್ಗೇರಿಯಾಗಳ ನಡುವೆ ನಿಲ್ಲುತ್ತದೆ ಎಂದು ಲೆಕ್ಕ ಹಾಕಿದರು. ಊರೊಳಗೆ ನಡೆದು, ಜನರನ್ನು ಮಾತಾಡಿಸಿ ತಿಳಿಯುವ ಹಳೆಯ ದಾರಿ ಅದು.

ಆಮೇಲೆ ಬಂದದ್ದು ಬೇರೆ ದಾರಿ. ‘ಎವರ್‌ಕ್ವೆಸ್ಟ್ 2’ ನಡೆಸುತ್ತಿದ್ದ ಸೋನಿ ಕಂಪನಿ ತನ್ನ ಸರ್ವರ್‌ಗಳ ದಾಖಲೆಗಳನ್ನೇ ವಿಶ್ವವಿದ್ಯಾಲಯದ ಸಂಶೋಧಕರಿಗೆ ಕೊಟ್ಟಿತು. ಸುಮಾರು 7,000 ಆಟಗಾರರು ಒಂದು ಸಮೀಕ್ಷೆಗೂ ಉತ್ತರಿಸಿದರು. ಸಂಭಾವನೆಯಾಗಿ ಸಿಕ್ಕಿದ್ದು ಆಟದೊಳಗಿನ ಒಂದು ವಸ್ತು. ಅವರು ಹೇಳಿದ್ದನ್ನು ದಾಖಲೆಯೊಡನೆ ಹೋಲಿಸಿದಾಗ, ತಾವು ಆಡುವ ಹೊತ್ತನ್ನು ಅವರು ಕಡಿಮೆ ಹೇಳಿದ್ದು ತಿಳಿಯಿತು. ಅದರಲ್ಲೂ ಹೆಂಗಸರು ಗಂಡಸರಿಗಿಂತ ಹೆಚ್ಚು ಹೊತ್ತನ್ನು ಬಚ್ಚಿಟ್ಟಿದ್ದರು. ಉಪಯುಕ್ತ ಜ್ಞಾನವೇ. ಆದರೆ ಇಂಥ ಜ್ಞಾನದ ಬೀಗದ ಕೈ ಕಂಪನಿಯ ಕೈಯಲ್ಲಿರುತ್ತದೆ. ಇವತ್ತು ಕೊಟ್ಟವರು ನಾಳೆ ಕೊಡದಿರಬಹುದು. ಮಾಲೀಕರಿಗೆ ಇರುಸುಮುರುಸಾಗುವ ಪ್ರಶ್ನೆಯನ್ನು ಸಂಶೋಧಕ ಕೇಳುತ್ತಾನೆಯೇ? ಯಾರೂ ಅವನ ಬಾಯಿ ಮುಚ್ಚಿಸಬೇಕಾಗಿಲ್ಲ. ಉಂಡ ಮನೆಯ ಋಣ ತಾನಾಗಿಯೇ ಮುಚ್ಚಿಸುತ್ತದೆ.

ಇದೇ ಕ್ಯಾಸ್ಟ್ರೊನೋವಾ ಮುಂದೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಉಪಾಯ ನೋಡಿದರು: ಪ್ರಯೋಗಕ್ಕೆಂದೇ ಸ್ವಂತ ಜಗತ್ತು ಕಟ್ಟುವುದು. ಎರಡು ಒಂದೇ ರೀತಿಯ ಜಗತ್ತುಗಳಲ್ಲಿ ಒಂದು ಔಷಧದ ಬೆಲೆಯನ್ನು ಮಾತ್ರ ಬೇರೆ ಬೇರೆಯಾಗಿಟ್ಟು, ಬೆಲೆ ಏರಿದರೆ ಕೊಳ್ಳುವುದು ಇಳಿಯುತ್ತದೆಯೇ ಎಂದು ನೋಡಿದರು. ಇಳಿಯಿತು. ಪ್ರಯೋಗ ನಿರುಪದ್ರವಿ. ಆದರೆ ಈ ವಿಧಾನಕ್ಕೆ ಅವರ ತಂಡ ಬಳಸಿದ ಹೋಲಿಕೆ ಪೆಟ್ರಿ ಡಿಶ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆ. ತಟ್ಟೆಯೊಳಗಿನವರನ್ನು ಯಾರೂ ಒಪ್ಪಿಗೆ ಕೇಳುವುದಿಲ್ಲ. ಆ ಹೋಲಿಕೆ ನನ್ನನ್ನು ಕಾಡುತ್ತದೆ.

ಕೇಳದೆ ಹೋದರೆ ಏನಾಗುತ್ತದೆ ಎಂದು ತೋರಿಸಿದ್ದು ಆಟವಲ್ಲ, ಅದರ ಸೋದರಿಯಂಥ ಫೇಸ್‌ಬುಕ್. 2012ರಲ್ಲಿ ಒಂದು ವಾರ 6,89,003 ಜನರಿಗೆ ಕಾಣುವ ಪೋಸ್ಟ್‌ಗಳನ್ನು, ಅವರಿಗೆ ತಿಳಿಸದೆ, ಸಂತೋಷದ್ದು ಅಥವಾ ದುಃಖದ್ದು ಕಡಿಮೆಯಾಗುವಂತೆ ಹೊಂದಿಸಿ, ಅವರ ಮನಸ್ಸು ಬದಲಾಗುವುದೇ ಎಂದು ನೋಡಲಾಯಿತು. 2014ರಲ್ಲಿ ಫಲಿತಾಂಶ ಪ್ರಕಟವಾದಾಗ ಗದ್ದಲವೆದ್ದಿತು. ಅಧ್ಯಯನದಲ್ಲಿ ಸೇರಿದ್ದ ಕಾರ್ನೆಲ್ ವಿಶ್ವವಿದ್ಯಾಲಯದ ನಿಲುವು: ಪ್ರಯೋಗ ಮಾಡಿದ್ದು ಕಂಪನಿ, ಆದ್ದರಿಂದ ನಮ್ಮ ನೈತಿಕ ಸಮಿತಿಯ ಪರಿಶೀಲನೆ ಬೇಕಿರಲಿಲ್ಲ. ಅತ್ತ ಕಂಪನಿಯ ಬಳಕೆದಾರರೆಲ್ಲ ಷರತ್ತುಗಳಿಗೆ ‘ಒಪ್ಪಿದೆ’ ಎಂದು ಮೊದಲೇ ಒತ್ತಿದ್ದವರು. ಹೊಣೆ ಇಬ್ಬರ ಮಧ್ಯದ ಸಂದಿಯಲ್ಲಿ ಬಿದ್ದುಹೋಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತೇವೆ. ಇಲ್ಲಿ ಬೆಕ್ಕುಗಳು ಎರಡು, ಒಂದು ಇನ್ನೊಂದನ್ನು ತೋರಿಸುತ್ತದೆ.

ಹಾಗಾದರೆ ಸಂಶೋಧನೆಯೇ ಬೇಡವೇ? ಖಂಡಿತ ಬೇಕು. ಕಂಪನಿಗಳು ಈ ದಾಖಲೆಗಳನ್ನು ಹೇಗೂ ಓದುತ್ತವೆ, ಆಟಗಾರನನ್ನು ಇನ್ನಷ್ಟು ಹೊತ್ತು ಕೂರಿಸುವುದು ಹೇಗೆಂದು ತಿಳಿಯಲು. ವಿಶ್ವವಿದ್ಯಾಲಯಗಳು ದೂರ ಸರಿದರೆ ಆ ತಿಳಿವು ಅಂಗಡಿಯ ಗುಟ್ಟಾಗಿಯೇ ಉಳಿಯುತ್ತದೆ. ಗುಟ್ಟನ್ನು ಬಯಲಿಗೆ ತರುವುದು ಸಂಶೋಧಕನ ಧರ್ಮ. ನಾನು ಕೇಳುವುದು ಇಷ್ಟು: ಅವನ ಋಣ ಬೀಗ ತೆಗೆದವನಿಗಲ್ಲ, ಒಳಗೆ ಬದುಕಿದವನಿಗೆ ಸಲ್ಲಲಿ. ಆಟದೊಳಗೇ, ಆಟಗಾರನಿಗೆ ತಿಳಿಯುವ ಮಾತಿನಲ್ಲಿ, ಇಲ್ಲೊಂದು ಅಧ್ಯಯನ ನಡೆಯುತ್ತಿದೆ ಎಂದು ಹೇಳಲಿ, ಬೇಡವೆಂದವನನ್ನು ಬಿಡಲಿ, ಕಂಡುಕೊಂಡದ್ದನ್ನು ಮೊದಲು ಅವರಿಗೆ ತಿಳಿಸಲಿ. ಹೇಳಿದರೆ ವರ್ತನೆ ಬದಲಾಗಿ ಫಲಿತಾಂಶ ಕೆಡುತ್ತದೆ ಎಂದು ಕೆಲವರು ಹೇಳುತ್ತಾರೆ. ಕೆಡಬಹುದು. ಊರೊಂದಕ್ಕೆ ರೋಗ ಬಿಟ್ಟು ನೋಡದೆ ಇರುವುದರಿಂದಲೂ ಎಷ್ಟೋ ಜ್ಞಾನ ನಮಗೆ ಸಿಗದೆ ಹೋಗಿದೆ. ಆ ನಷ್ಟವನ್ನು ನಾವು ತಿಳಿದೇ ಒಪ್ಪಿಕೊಂಡಿದ್ದೇವೆ.

2005ರ ಆ ರೋಗದಲ್ಲಿ ನನಗೆ ಮರೆಯಲಾಗದವರು ಮದ್ದು ಮಾಡಲು ಬಂದವರು. ಅದರಿಂದ ಅವರಿಗೆ ಆಟದಲ್ಲಿ ಯಾವ ಅಂಕವೂ ಸಿಗುತ್ತಿರಲಿಲ್ಲ. ಎದುರಿಗಿರುವುದು ಪರದೆಯ ಮೇಲಿನ ಗೊಂಬೆ ಎಂದು ಅವರಿಗೆ ಗೊತ್ತಿತ್ತು. ಗೊಂಬೆಯ ಹಿಂದೆ ಒಬ್ಬರಿದ್ದಾರೆ ಎಂದೂ ಗೊತ್ತಿತ್ತು. ಆಟ ಕಟ್ಟುವವರಿಗೆ ಮತ್ತು ಅದನ್ನು ಅಧ್ಯಯನ ಮಾಡುವವರಿಗೆ ಈ ಎರಡನೆಯ ಅರಿವು ಇದ್ದರೆ, ಉಳಿದ ಷರತ್ತುಗಳನ್ನು ಅವರು ಕೂತು ಮಾತಾಡಿಕೊಳ್ಳಬಹುದು.